ಇನ್ನೊಮ್ಮೆ ಕೇಳುವುದೇ

ತಗಡಿನ ಬಿಸ್ಕತ್ತು ಡಬ್ಬಿಯ ಮುಚ್ಚಳಕ್ಕೆ
ಉಳಿ ಹೊಡೆದು ಸೀಳು ಮಾಡಿಕೊಟ್ಟವರು ದೋಣಿ ರಿಪೇರಿಯ ನಾರ್ಣ ಮೆಂಡನ್.
ಚೀಟಿ ಹರಿದವಳು ನಾನು,
ಮೂರನೇ ಕ್ಲಾಸಿನ ಲೆಕ್ಕದ ನೋಟ್ಸಿನಲ್ಲಿ ಉಳಿದ ಹಾಳೆಗಳಿಂದ.
ಹನ್ನೊಂದು ವರ್ಷವಾಯಿತು.

ಕಾಂಡ್ಲಕುದ್ರು ಬೇರೆ ಪಂಚಾಯತ್ ಆಗಬೇಕೆ?
ಬೇಕು, ಒಂದು ಚೌಕ. ಬೇಡ, ಒಂದು ಚೌಕ.
'ನೋಡುವ', 'ಆದರೆ', 'ಮಳೆಗಾಲ ಕಳೆಯಲಿ'
ಇವಕ್ಕೆ ಚೌಕವಿರಲಿಲ್ಲ.

ಸರಕಾರ ನಮ್ಮನ್ನು ಕೇಳಿರಲಿಲ್ಲ, ನಾವೇ ಕೇಳಿಕೊಂಡದ್ದು.
ಉಡುಪಿಯ ಆಫೀಸಿನಲ್ಲಿ ಯಾರೋ ನಕ್ಕರಂತೆ:
ಸುತ್ತ ಹೊಳೆ, ಇನ್ನೂರು ಚಿಲ್ಲರೆ ಮತ, ಇದೊಂದು ದೇಶ!
ಬೇಡ ಅನ್ನಿ, ಸೇತುವೆ ಕೊಡ್ತೇವೆ ಅಂತಲೂ ಯಾರೋ ಹೇಳಿ ಹೋದರು.

ಕರಿಹಲಗೆಯ ಮೇಲೆ ನಾಲ್ಕು ಗೀಟು, ಅಡ್ಡಕ್ಕೊಂದು,
ನಾಲ್ಕು ಗೀಟು, ಅಡ್ಡಕ್ಕೊಂದು.
ಬೇಕು ತೊಂಬತ್ತೆಂಟು.
ಬೇಡ ನೂರ ಏಳು.
ಒಂದು ಚೀಟಿ ಖಾಲಿ.

ಇವತ್ತು ಅದೇ ಕೋಣೆ. ಶಾಲೆ ಮಾತ್ರ ಇಲ್ಲ,
ಮಕ್ಕಳು ಸಾಲದೆ ಮುಚ್ಚಿದ್ದು.
ಕಿಟಕಿಯಾಚೆ ಹೊಳೆಯಲ್ಲಿ ಸೇತುವೆಯ ಮೂರು ಕಂಬ,
ಮೂರರ ತಲೆಯ ಮೇಲೂ ನೀರುಕಾಗೆ, ರೆಕ್ಕೆ ಬಿಡಿಸಿಕೊಂಡು.

"ಮುಗಿದದ್ದು ಮುಗಿಯಿತು ಮಾರಾಯ್ರೆ," ಪುರಂದರ ಕುಂದರ್ ಎದ್ದು ನಿಂತರು.
"ಸೋತವರು ಗೆಲ್ಲುವ ತನಕ ಕೇಳ್ತಾ ಹೋದರೆ
ಅದಕ್ಕೆ ಮತ ಅನ್ನುದಿಲ್ಲ, ಹಠ ಅನ್ನುದು."
ಸಮುದ್ರ ದಿನಕ್ಕೆರಡು ಸಲ ಬಂದು ಕೇಳುದಿಲ್ವಾ, ಹಿಂದಿನಿಂದ ಯಾರೋ.
"ಸಮುದ್ರಕ್ಕೆ ಬೇರೆ ಕೆಲಸ ಇಲ್ಲ."
ನಗು. ನಾನೂ ನಕ್ಕೆ.

ಬಾಗಿಲ ಹತ್ತಿರ ಅಫೀಫಾ, ಚಪ್ಪಲಿ ಕೈಯಲ್ಲೇ ಹಿಡಿದು:
"ಆಗ ನನಗೆ ಹತ್ತು ವರ್ಷ, ಇದೇ ಹೊಸ್ತಿಲಲ್ಲಿ ನಿಂತಿದ್ದೆ.
ನಮ್ಮ ಉಮ್ಮುಮ್ಮ ಬೇಡ ಅಂದದ್ದು ಸೇತುವೆ ಬರ್ತದೆ ಅಂತ.
ಈಗ ಉಮ್ಮುಮ್ಮ ಇಲ್ಲ, ಸೇತುವೆಯೂ ಇಲ್ಲ,
ಆ ಬೇಡ ಒಂದು ಉಂಟು."

ಯಾರೂ ಕೆಮ್ಮಲಿಲ್ಲ.

ಹಡಗಿನಲ್ಲಿ ಮೂವತ್ತು ವರ್ಷ ದುಡಿದ ಮೊಂತು ಲೋಬೊ
ಗ್ಲಾಸ್ಗೋದ ಕತೆ ತೆಗೆದರು: ಅಲ್ಲಿ ಇಡೀ ದೇಶಕ್ಕೆ ಇದೇ ಜಗಳ,
ಒಂದೇ ಮನೆಯ ಎರಡು ಕಿಟಕಿಯಲ್ಲಿ ಎರಡು ಬಣ್ಣದ ಚೀಟಿ,
ತಲೆಮಾರಿಗೆ ಒಮ್ಮೆ ಮಾತ್ರ ಅಂತ ಮಾತಾಗಿತ್ತು ಅಂತ ಒಬ್ಬ,
ಯಾರ ತಲೆ, ಯಾವ ಮಾರು ಅಂತ ಇನ್ನೊಬ್ಬ.

"ತಲೆಮಾರು ಅಂದರೆ ಎಷ್ಟು ವರ್ಷ, ಟೀಚರ್?"
ಎಲ್ಲರೂ ನನ್ನ ಕಡೆ ತಿರುಗಿದರು.
ಗಜ ಗೊತ್ತು, ಮೊಳ ಗೊತ್ತು, ಸೇರು ಪಾವು ಗೊತ್ತು.
ಆ ಅಳತೆ ನಾನು ಯಾವತ್ತೂ ಪಾಠ ಮಾಡಿದ್ದಿಲ್ಲ.

ಅಪ್ಪಿ ಪೂಜಾರ್ತಿ ಮರುವಾಯಿ ಬುಟ್ಟಿ ಇಳಿಸದೆಯೇ ಕೇಳಿದಳು,
"ಬೇರೆ ಆದರೆ ಮರುವಾಯಿಗೆ ರೇಟು ಹೇಳುದು ಯಾರು?"
ಉತ್ತರಕ್ಕೆ ಸ್ವಲ್ಪ ಕಾದಳು. ಹೋದಳು.
ಅವಳು ನಿಂತಿದ್ದಲ್ಲಿ ನೆಲ ಒದ್ದೆ.

ಹೇಳದೆ ಉಳಿದದ್ದು ಒಂದು ನನ್ನಲ್ಲಿ ಉಂಟು.
ಆ ಖಾಲಿ ಚೀಟಿ ಖಾಲಿಯಾಗಿರಲಿಲ್ಲ.
ರಾತ್ರಿ ಚಿಮಿಣಿ ಬೆಳಕಿಗೆ ಓರೆ ಹಿಡಿದಾಗ ಕಂಡದ್ದು:
ಶಾಯಿ ಮುಗಿದ ಪೆನ್ನು ಒತ್ತಿದ ಗುರುತು,
'ಬೇಕು' ಚೌಕದಲ್ಲಿ, ಹಾಳೆ ಹರಿಯುವಷ್ಟು ಒತ್ತಿದ್ದು.
ಆ ಪೆನ್ನು ನನ್ನದು. ದಾರ ಕಟ್ಟಿ ಇಟ್ಟವಳೂ ನಾನು.
ಸೇರಿಸಿದ್ದರೆ ಒಂಬತ್ತರ ಅಂತರ ಎಂಟಾಗುತ್ತಿತ್ತು, ಮತ್ತೇನಿಲ್ಲ,
ಲೆಕ್ಕ ಬದಲಾಗುತ್ತಿರಲಿಲ್ಲ ಎಂದು ಹಲಗೆ ಒರೆಸಿಬಿಟ್ಟೆ.
ಮತ ಹಾಕಿದೆನೆಂದೇ ನಂಬಿ ಅವರು ಇಲ್ಲೇ ಎಲ್ಲೋ ಕೂತಿದ್ದಾರೆ,
ಅಥವಾ ತೀರಿಕೊಂಡಿದ್ದಾರೆ.

ಮುಂದಿನ ಆದಿತ್ಯವಾರ ಪುನಃ ಸೇರುವುದು,
ಕೇಳುವುದೋ ಬೇಡವೋ ಅಂತ ಕೇಳುವುದಕ್ಕೆ.
ತೀರ್ಮಾನವಾದದ್ದು ಅಷ್ಟೇ.

ಕೆಮ್ಮಣ್ಣಿನ ಅಂಗಡಿಯಲ್ಲಿ ಹತ್ತು ಪೆನ್ನು ತೆಗೆದುಕೊಂಡೆ.
ಅಂಗಡಿಯವನು ನೋಡುತ್ತಿದ್ದ ಹಾಗೆಯೇ
ಒಂದೊಂದನ್ನೂ ಅಂಗೈಯಲ್ಲಿ ಗೀಚಿದೆ.
ನಾಲ್ಕು ಗೀಟು, ಅಡ್ಡಕ್ಕೊಂದು.
ನಾಲ್ಕು ಗೀಟು,
ಹತ್ತನೆಯದು ಬರೆಯಲಿಲ್ಲ. ಬದಲಿಸಿ ಕೊಡಿ ಎಂದೆ.