ಒಂದು ಚುಕ್ಕೆಯ ಅಕ್ಷರ

ಅರಬಿಯಲ್ಲಿ ಪ ಇಲ್ಲ.
ರುವಿಯ ಬಸ್‌ಸ್ಟ್ಯಾಂಡಿನ ಹಿಂದೆ, ಎರಡನೇ ಮಹಡಿ,
ಕಿಟಕಿಯ ತುಂಬ ಹುಲ್ಲೂ ಹುಟ್ಟದ ಕಂದು ಗುಡ್ಡ.
ಇಪ್ಪತ್ತೆರಡು ವರ್ಷ ಅಲ್ಲಿ ಕೂತು
ಬಂದವರಿಗೆಲ್ಲ ಇದನ್ನೇ ಹೇಳಿದೆ.
ಪೂವಪ್ಪ ಮಾತ್ರ
ಪಾಸ್‌ಪೋರ್ಟನ್ನು ಹಿಂದಕ್ಕೆಳೆದುಕೊಂಡ:
"ಹಾಗಾದರೆ ನಾನು?"
ಬೂವಬ್ಬ, ಎಂದೆ. ಬಲದಿಂದ ಎಡಕ್ಕೆ ಕುಟ್ಟಿದೆ.
ಇಬ್ಬರೂ ನಕ್ಕೆವು. ಬಿಲ್ಲವರ ಹುಡುಗ
ಒಂದು ರಿಯಾಲಿಗೆ ನನ್ನ ಬಾವನಾದ.

ಯಾವ ಚೌಕದಲ್ಲಿ ಸುಳ್ಳು ಹೇಳಬಾರದು,
ಯಾವುದು ಖಾಲಿ ಬಿಟ್ಟರೂ ನಡೆಯುತ್ತದೆ,
ಯಾವ ಗುಮಾಸ್ತ ಮಧ್ಯಾಹ್ನದ ನಮಾಜಿನ ಬಳಿಕ
ಮೆತ್ತಗಾಗುತ್ತಾನೆ:
ಇಷ್ಟೇ ನನ್ನ ವಿದ್ಯೆ. ಅರ್ಧ ಬೆರಳಲ್ಲಿ,
ಅರ್ಧ ನಾಲಿಗೆಯಲ್ಲಿ.

ಈಗ ಅರ್ಜಿ ಎಲ್ಲರ ಜೇಬಿನಲ್ಲಿದೆ.
ಮುಖ ತೋರಿಸು, ಕಣ್ಣು ಮಿಟುಕಿಸು, ಆಯಿತು.
ಮಾಲಕ ಬೋರ್ಡು ಇಳಿಸಿ ಮೊಬೈಲ್ ಕವರು ಮಾರುತ್ತಾನೆ.
ನನ್ನ ವೀಸಾ ರದ್ದತಿಯ ಕಾಗದವನ್ನು
ಆ ಕಂಪ್ಯೂಟರಿನಲ್ಲಿ ಕೊನೆಯದಾಗಿ ನಾನೇ ಕುಟ್ಟಿದೆ,
ಒಂದೂ ತಪ್ಪಿಲ್ಲದೆ.

ಇನ್ನು ಹನ್ನೊಂದು ದಿನ.
ಕೆಳಗಿನ ಕೆಫ್ತೀರಿಯಾದಲ್ಲಿ ಕೂತರೆ
ಹುಡುಗರು ಫೋನು ಚಾಚುತ್ತಾರೆ: "ಒಟಿಪಿ ಬಂತು, ಇನ್ನೇನು?"
ಫೀಸು, ಒಂದು ಸುಲೈಮಾನಿ.

ನಿನ್ನೆ ಪೂವಪ್ಪ ಬಂದ. ತಲೆ ಹಣ್ಣಾಗಿದೆ.
ಆ್ಯಪು ಕೆಂಪಗೆ ಬರೆದಿತ್ತು:
ಹೆಸರು ತಾಳೆಯಾಗುತ್ತಿಲ್ಲ.
ಯಾರಿಗೆ ಹೇಳುವುದು? ಕೌಂಟರಿಲ್ಲ, ಗುಮಾಸ್ತನಿಲ್ಲ,
ಪ್ರಸನ್ನವಾಗಲೆಂದು ಕಾಯಲು ಒಂದು ಮುಖವೂ ಇಲ್ಲ.
"ಬ ಅಡಿಗೆ ಒಂದೇ ಚುಕ್ಕೆ. ಮೂರಿಟ್ಟರೆ ಪ,
ಫಾರಸಿಯಲ್ಲಿ ಹಾಗೆ ಬರೆಯುತ್ತಾರೆ"
ಎನ್ನುತ್ತ ಚಹಾದಲ್ಲಿ ಬೆರಳದ್ದಿ
ಮೇಜಿನ ಮೇಲೆ ತೋರಿಸಿದೆ.

ಅವನು ಅದರ ಫೋಟೋ ತೆಗೆದುಕೊಂಡ.
ಯಾರಿಗೆ ಕಳಿಸುತ್ತಾನೋ.