ಕುದುರೆಯ ಎಡ ಹಿಂಗಾಲು

ಕಾಗದಕ್ಕೆ ಎಣ್ಣೆ ಹತ್ತಿದರೆ ಅದರಾಚೆಯದು ಕಾಣುತ್ತದೆ.
ಮಂಡ್ಯದಲ್ಲಿ, ಸಕ್ಕರೆ ಕಾರ್ಖಾನೆಯೆದುರಿನ ಬೋಂಡದಂಗಡಿಯಲ್ಲಿ
ಏಳನೇ ವಯಸ್ಸಿಗೇ ನಾನಿದನ್ನು ಕಲಿತಿದ್ದೆ.
ಬೋಂಡ ತಮ್ಮನಿಗೆ, ಕಾಗದ ನನಗೆ.
ಒರೆಸಿ, ಆರಿಸಿ, ರದ್ದಿಯಿಂದ ತಂದ ಚಿತ್ರಕಥೆಯ ಮೇಲೆ ಹಾಸಿ
ಪೆನ್ಸಿಲ್ ಓಡಿಸಿದರೆ
ರಾಜ ಬರುತ್ತಿದ್ದ,
ಮೀಸೆಗೆ ಒಂದಿಷ್ಟು ಈರುಳ್ಳಿ ವಾಸನೆ ಹಚ್ಚಿಕೊಂಡು.

ಪುಟದ ಮೂಲೆಯಲ್ಲಿ ಇರುವೆಯಷ್ಟು ಸಹಿ: ‘ಕಾಳ’.
ಅದನ್ನೂ ಬಿಡದೆ ಇಳಿಸಿಕೊಂಡಿದ್ದೆ,
ರಾಜನ ಕಾಲಡಿಯ ಕಲ್ಲೋ ಹುಲ್ಲೋ ಇರಬೇಕೆಂದು.

ಹನ್ನೊಂದು ವರ್ಷದ ಮೇಲೆ, ಮೈಸೂರಿನಲ್ಲಿ,
ಲ್ಯಾನ್ಸ್‌ಡೌನ್ ಕಟ್ಟಡದ ಹಳೇ ಪುಸ್ತಕದವನು ಅಂದ:
‘ಕಾಳಾಚಾರ್ರ? ಇಲ್ಲೇ, ಸಂತೇಪೇಟೆ ಹಿಂದೆ,
ಮದುವೆ ಕಾರ್ಡಿನ ಪ್ರೆಸ್ಸಿನ ಮೇಲೆ.’
ಸಹಿಗೂ ಒಂದು ಮೆಟ್ಟಿಲು, ಒಂದು ಜೊತೆ ಚಪ್ಪಲಿ,
ಸಕ್ಕರೆ ಕಾಯಿಲೆ
ಇರಬಹುದೆಂದು ನಾನು ಎಣಿಸಿರಲಿಲ್ಲ.

ಕಿಟಕಿ ಪಕ್ಕ ಗಫೂರ್ ಸಾಬರು.
ನಲವತ್ತು ವರ್ಷ ಮಾತಿನ ಗುಳ್ಳೆಗೆ ಅಕ್ಷರ ತುಂಬಿದವರು,
ತಮ್ಮ ಹೆಸರನ್ನು ಮಾತ್ರ ಎಲ್ಲೂ ಬರೆಯದೆ.
‘ನಿನ್ನ ರಾಜ ವಿಪರೀತ ಮಾತಾಡ್ತಾನೆ ಕಣಯ್ಯ,
ಜಾಗ ಬಿಡು’ ಅನ್ನುತ್ತಿದ್ದರು.
ಆಚಾರ್ರು ಗೊಣಗುತ್ತ ಕಿರೀಟ ಕುಗ್ಗಿಸುತ್ತಿದ್ದರು.

ಪಾಠ ಅಂತ ಏನೂ ಇರಲಿಲ್ಲ. ಬ್ರಷ್ ತೊಳೆಯಬೇಕು.
‘ಕೈ ಆಮೇಲೆ. ಮೊದಲು ಕೈಲಿರೋ ತಂಬಿಗೆ ಬರಿ,
ಬೆರಳು ತಾವಾಗೇ ಹುಡುಕ್ಕೊಂಡು ಬರ್ತವೆ.’
ಮೂರು ತಿಂಗಳು ತಂಬಿಗೆಯೇ ಬರೆದೆ.

ಒಂದು ದಿನ ಕೇಳಿಯೇಬಿಟ್ಟೆ: ‘ನಿಮ್ಮ ಕುದುರೆಗಳೇಕೆ
ಯುದ್ಧದಲ್ಲೂ ಎಡ ಹಿಂಗಾಲು ಎತ್ತಿ ನಿಂತಿರುತ್ತವೆ?’
ಗಫೂರ್ ಸಾಬರು ನಕ್ಕು ನಕ್ಕು ಕೆಮ್ಮಿದರು.
ಆಚಾರ್ರು ಕಿಟಕಿಯಿಂದ ಕೆಳಗೆ ತೋರಿಸಿದರು,
ಈಗ ಬರೀ ಸ್ಕೂಟರ್ ನಿಲ್ಲುವ ಜಾಗ.
‘ಟಾಂಗಾ ನಿಲ್ತಿದ್ವು ಅಲ್ಲಿ. ಇವನ ಅಣ್ಣನ ಕುದುರೆಗೆ
ಗೊರಸು ನೋವು. ನಾನು ಕೂತು ನೋಡಿದ್ದು ಅದೊಂದನ್ನೇ.
ಅರಮನೆ ಕುದುರೆ ಹತ್ತಿರ ನಮ್ಮನ್ನ ಯಾರು ಬಿಡ್ತಾರೆ?’

ಅಂದರೆ ಅಷ್ಟೂ ದಂಡಯಾತ್ರೆ, ಅಷ್ಟೂ ಪಟ್ಟಾಭಿಷೇಕ
ಪಕ್ಕೆಲುಬು ಕಾಣುವ ಆ ಒಂದು ಬೆನ್ನ ಮೇಲೆ.

ಸಾಬರು ಮೊದಲು ಹೋದರು.
ಗುಳ್ಳೆಗಳಲ್ಲಿ ಕಂಪ್ಯೂಟರ್ ಅಕ್ಷರ ಬಂದು ಕೂತ ವಾರ
ಆಚಾರ್ರು ಮಸಿ ಬಾಟಲಿಗೆ ಬಿರಡೆ ಹಾಕಿದರು.
ಆಮೇಲೆ ಅವರೂ.

ತಿಂಗಳಿಗೆ ಆ ಮಹಡಿಯಲ್ಲಿ ಸೇರಿದೆವು:
ಬೋರ್ಡು ಬರೆಯುವ ಚೆನ್ನಕೇಶವ,
ಹಚ್ಚೆ ಅಂಗಡಿಯ ಶಮೀಮ್,
ಪಠ್ಯಪುಸ್ತಕಕ್ಕೆ ಕಪ್ಪೆಯ ಹೊಟ್ಟೆ ಸೀಳಿ ತೋರಿಸುವ ರೇವಣ್ಣ, ನಾನು.
ಏನು ಮಾತಾಡುವುದೆಂದು ತೋಚದೆ
ಒಬ್ಬೊಬ್ಬರೂ ಒಂದು ಕುದುರೆ ಬರೆದೆವು.
ನಾಲ್ಕಕ್ಕೂ ಅದೇ ಕಾಲು.
ಕಾಫಿ ಆರಿತು.

ಈಗ ಶನಿವಾರ ಮಂಡ್ಯದಲ್ಲಿ ಮಕ್ಕಳಿಗೆ ಕಲಿಸುತ್ತೇನೆ.
ಬೂದನೂರಿನ ಮೋನಿಷ, ಟಾಂಗಾ ಕಂಡವಳಲ್ಲ,
ಚಂದ್ರನ ಮೇಲೊಂದು ಕುದುರೆ ಬರೆದಿದ್ದಾಳೆ.
ಗಾಜಿನ ಹೆಲ್ಮೆಟ್ಟು, ಬೆನ್ನಿಗೆ ಗಾಳಿಯ ಡಬ್ಬಿ,
ಎಡ ಹಿಂಗಾಲು ಮಾತ್ರ ನೆಲಕ್ಕೆ ಊರಿಲ್ಲ.
‘ಇದ್ಯಾಕೆ ಹೀಗೆ?’ ಅಂದೆ.
‘ನೋಯ್ತದೆ ಮಿಸ್ ಅದಕ್ಕೆ’ ಅಂದಳು,
ಹಲ್ಲಲ್ಲಿ ರಬ್ಬರು ಕಚ್ಚಿಕೊಂಡೇ,
ತಲೆಯೆತ್ತದೆ.