ಇಪ್ಪತ್ತೊಂದು ಸ್ಟೇಜು

ನಸಿಕಿನ ಐದೂವರಿಗೆ ಗೋಳಗುಮ್ಮಟದ ಮುಂದ
ನಾಕು ಸಾವಿರ ಮಂದಿ, ಎಲ್ಲಾರದೂ ಒಂದೇ ಕಿತ್ತಳಿ ಅಂಗಿ.
ರೂಢಿ ಬಿಡೂದಿಲ್ಲ, ಎಣಸಾಕ ಹತ್ತಿದೆ:
ಇಷ್ಟು ಮಂದಿಗೆ ಎಷ್ಟು ಗಾಡಿ ಬೇಕು,
ಎಷ್ಟು ಮಂದಿ ನಿಂತು ಬರ್ತಾರ,
ಯಾರ ಹಂತ್ಯಾಕ ಚಿಲ್ಲರ ಇಲ್ಲ.

ಎದಿ ಮ್ಯಾಲ ನಾಕು ಪಿನ್ನಿನ ನಂಬರು, ಎರಡು ಸಾವಿರದ ಮುನ್ನೂರಾ ಆರು.
ಹದಿನಾರು ವರ್ಷ ಮಂದಿಗೆ ಕೊಟ್ಟಾಕಿಗೆ
ಇವತ್ತ ಯಾರೋ ಟಿಕೀಟು ಕೊಟ್ಟಾರ.
ಮಗಳ ಪಿ.ಟಿ. ಪ್ಯಾಂಟು, ಸೊಂಟಕ್ಕ ಲಾಡಿ.
ಬಾಜೂಕಿನ ಸೊಲ್ಲಾಪುರದ ಡಾಕ್ಟರು
ಒಂದು ಕಾಲ ಮ್ಯಾಲ ಕೊಕ್ಕರಿ ಹಂಗ ನಿಂತಾರ.

ಪಿಸ್ತೂಲು ಹಾರಿತು.
ಗುಮ್ಮಟದ ಪಾರಿವಾಳ ಒಮ್ಮೆಲೆ ಎದ್ದು
ಒಂದು ಸುತ್ತು ಹೊಡದು ತಿರುಗಿ ಬಂದು ಕುಂತುವು.
ಅವಕ್ಕ ಅಷ್ಟ ಸಾಕಾತು.

ಗಾಂಧಿ ಚೌಕ, ಬಾರಾಕಮಾನು, ಇಬ್ರಾಹಿಂ ರೋಜಾ:
ಮೊದಲ ಐದು ಸ್ಟೇಜು ಕಾಲಿಗೆ ಸುದ್ದಿನ ಇಲ್ಲ.
ತೊರವಿ ಹತ್ತರ ಬಂದಾಗ ಗೊತ್ತಾತು,
ಇಲ್ಲಿ ಒಂದು ಏರು ಐತಿ.
ದಿನಾ ನಾಕು ಸಲ ದಾಟಿದ ಹಾದಿ,
ಯಾರೂ ಹೇಳಿರಲಿಲ್ಲ.
ಡ್ರೈವರ್ ನದಾಫ ಗೇರು ಬದಲಸ್ತಿದ್ದ,
ನಾ ಕಂಬ ಹಿಡದು ರೊಕ್ಕ ಎಣಸ್ತಿದ್ದೆ.

ತಿರುಗಿ ಬರೂವಾಗ, ಹದಿನಾಕನೇ ಸ್ಟೇಜು.
ಹೊತ್ತು ಏರಿ ಬೆವರು ಕಣ್ಣಾಗ ಇಳೀತು.
ಅಥಣಿ ನಾಕಾದಾಗ ಪೊಲೀಸರು ಹಗ್ಗ ಹಿಡದು
ತಡದಾರ ಒಂದು ಗಾಡಿನ.
ನೋಡತೀನಿ, ತಿಕೋಟಾ ಗಾಡಿ,
ನನ್ನ ಗಾಡಿ.

"ಇವರಿಗೇನ ಬ್ಯಾರೆ ಕೆಲಸ ಇಲ್ಲೇನು? ಯಾರರ ಬೆನ್ನ ಹತ್ಯಾರೇನು?"
ಕಿಡಕ್ಯಾಗಿನ ಆ ದನಿ ನನಗ ಗೊತ್ತು.
ದ್ರಾಕ್ಷಿ ತ್ವಾಟಕ್ಕ ಹೋಗೂ ಶಾವಂತ್ರವ್ವ.
ಬೈತಾ ಬೈತಾ ಗಪ್ಪಾದಳು.
"ಅಯ್ಯ! ನಮ್ಮ ಕಂಡಕ್ಟರ್ ಬಾಯಿ!
ಗಾಡಿ ತಪ್ಪಿತೇನವಾ? ಹತ್ತು ಬಾ, ಜಾಗಾ ಹಿಡೀತೀನಿ!"
ಇಲ್ಲಬೇ, ಓಟ ಐತಿ, ಎಂಟುನೂರು ಕಟ್ಟೀನಿ, ಅಂದೆ.
"ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟ ಐತಿ.
ನೀನ ಕೊಡತಿ ದಿನಾ ಸೊನ್ನಿ ಟಿಕೀಟು.
ನಿನ್ನ ಕಾಲಿಗೆ ಎಂಟುನೂರೇನ?"
ಇಡೀ ಗಾಡಿ ನಕ್ಕಿತು. ಹಗ್ಗ ಹಿಡದ ಪೊಲೀಸನೂ.

ಆವಾಗ ನನ್ನ ಬದಲಿಗೆ ಬಂದ ಹೊಸ ಹುಡುಗ
ಬಾಗಲದಾಗ ಜೋತು ಬಿದ್ದು
ಎರಡು ಸಲ ಸೀಟಿ ಊದಿದ.
ರೈಟ್. ರೈಟ್.
ಗಾಡಿ ನಿಂತಲ್ಲೇ ನಿಂತಿತ್ತು,
ಹೊಂಟಾಕಿ ನಾನು.

ಹತ್ತೊಂಬತ್ತಕ್ಕ ಮೀನಖಂಡ ಗಂಟು ಕಟ್ಟಿತು.
ಬಾರಾಕಮಾನಿನ ಮುಂದ ಕಟ್ಟಿ ಮ್ಯಾಲ ಕುಂತೆ.
ಹಿಂದಿಂದ ಆಂಬುಲೆನ್ಸು ಮೆಲ್ಲಕ ಬಂದು ನಿಂತಿತು.
ಮೀಸಿ ಮೂಡದ ಹುಡುಗ ಕೇಳಿದ,
"ಆಂಟಿ, ಹತ್ತತೀರೇನು?"
ಎದುರಿಗೆ ಆ ಕಮಾನುಗೊಳು
ಮಾಳಗಿ ಇಲ್ಲದ ಬರೇ ಮುಗಿಲು ಹೊತ್ತು ನಿಂತಾವ.
ಯಾವಾಗ ಮುಗಸ್ತಿ ಅಂತ
ಅವನ್ನ ಯಾರೂ ಕೇಳಂಗಿಲ್ಲ.
ನನ್ನ ಕೇಳತಾರ, ಮನ್ಯಾಗ ಕೇಳತಾರ, ಡಿಪೋದಾಗ ಕೇಳತಾರ.
ಎದ್ದೆ. ಕಂಡಕ್ಟರು ನಡು ಹಾದ್ಯಾಗ ಇಳ್ಯಾಂಗಿಲ್ಲೋ ತಮ್ಮಾ,
ನಿನ್ನ ಗಾಡಿ ಹಿಂದಿಂದ ಬರಲಿ.

ಮೂರು ತಾಸಿನ ಮ್ಯಾಲ ಇಪ್ಪತ್ತು ಮಿನಿಟು.
ಗಾಳಿ ತುಂಬಿದ ಕಮಾನು ಉಸಿರು ಬಿಟ್ಟು ನೆಲಕ್ಕ ಬಿದ್ದಿತ್ತು.
ಬಾಳಿಹಣ್ಣು ತೀರಿದ್ದುವು.
ರಟ್ಟಿನ ಡಬ್ಬಿ ತಡಕಾಡಿ ಯಾರೋ ಒಂದು ಪದಕ ಕೊಟ್ಟರು,
ಕೊರಳಿಗೆ ಹಾಕಲಿಲ್ಲ, ಕೈಯಾಗ ಇಟ್ಟರು,
ಚಿಲ್ಲರ ಕೊಟ್ಟಂಗ.

ಎರಡರ ಡ್ಯೂಟಿಗೆ ಹಾಜರಾದೆ.
ರೊಕ್ಕದ ಚೀಲದಾಗ ಪದಕ
ಐದು ರೂಪಾಯಿ ಬಿಲ್ಲಿಗೊಳ ಜೋಡಿ ಜಗಳಾಡತಿತ್ತು.
ಮಷೀನಿನ್ಯಾಗ ಸ್ಟೇಜಿನ ನಂಬರು ಒತ್ತಿದಂಗೆಲ್ಲಾ
ಮೊಣಕಾಲು ಹೂಂ ಅಂತಿತ್ತು.
ತೊರವಿ ಏರಿಗೆ ನದಾಫ ಗೇರು ಬದಲಸಿದ.
ತುಂಬಿದ ಗಾಡ್ಯಾಗ ನಾ ಒಬ್ಬಾಕೀನ
ಮುಂದಕ್ಕ ಬಾಗಿ ದಮ್ಮು ಹಿಡದೆ.